ಮಾಡೆಲ್ ರೈಲಿನ ಹೆಡ್‌ಲೈಟ್: ಬಲ್ಬಿಗೂ ಮೊದಲು ವೋಲ್ಟೇಜ್

ಮಾಡೆಲ್ ರೈಲು ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವ ಭಾಗವೆಂದರೆ ಹೆಡ್‌ಲೈಟಿನ ಬಲ್ಬ್. ಆಗಾಗ ಒಂದು ಹನಿ ಎಣ್ಣೆ ಬಿಟ್ಟು, ಚಕ್ರ ಒರೆಸಿ ಇಟ್ಟುಕೊಂಡ ಎಂಜಿನ್ ನಲವತ್ತು ವರ್ಷ ಕಳೆದರೂ ಹಳಿಯ ಮೇಲೆ ಓಡುತ್ತದೆ. ಮೂತಿಯ ದೀಪ ಮಾತ್ರ ಎಂದೋ ಆರಿಹೋಗಿರುತ್ತದೆ. ಹೊರದೇಶದಲ್ಲಿದ್ದ ಚಿಕ್ಕಪ್ಪನೋ ಸೋದರಮಾವನೋ ಎಂಬತ್ತರ ದಶಕದಲ್ಲಿ ಸೂಟ್‌ಕೇಸಿನಲ್ಲಿ ತಂದುಕೊಟ್ಟ ರೈಲು ಸೆಟ್ ಅಟ್ಟದ ಮೇಲೆ ಉಳಿದುಕೊಂಡಿರುವ ಮನೆಗಳು ನಮ್ಮಲ್ಲೂ ಇವೆ. ಅದನ್ನು ಇಳಿಸಿ, ಧೂಳು ಕೊಡವಿ, ಮಕ್ಕಳೆದುರು ಓಡಿಸಿದವರಿಗೆ ದೀಪವಿಲ್ಲದ ಎಂಜಿನ್ ಕಂಡು ಮನಸ್ಸು ಪಿಚ್ಚೆನ್ನುವುದು ಸಹಜ. ಕೋಣೆಯ ಲೈಟ್ ಆರಿಸಿ ಓಡಿಸುವ ಸುಖವೇ ಅಲ್ಲಿ ಇಲ್ಲವಾಗುತ್ತದೆ.

ದೀಪ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಆದರೆ ಹೆಚ್ಚಿನವರು ಹಳೆಯ ಬಲ್ಬನ್ನು ಕಿತ್ತು, ಅದರ ಅಳತೆ ನೋಡಿ, ಅಂಥದ್ದೇ ಇನ್ನೊಂದನ್ನು ಹುಡುಕಲು ಹೊರಡುತ್ತಾರೆ. ನೋಡಬೇಕಾದದ್ದು ಅಳತೆಗಿಂತ ಮೊದಲು ವೋಲ್ಟೇಜ್. ನೋಟಕ್ಕೆ ಅವಳಿಗಳಂತಿರುವ ಎರಡು ಬಲ್ಬುಗಳಲ್ಲಿ ಒಂದು 12 ವೋಲ್ಟಿನದು, ಇನ್ನೊಂದು 1.5 ವೋಲ್ಟಿನದು ಆಗಿರಬಹುದು. ಮೊದಲನೆಯದರ ಜಾಗಕ್ಕೆ ಎರಡನೆಯದನ್ನು ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತದೆ. ಎರಡನೆಯದರ ಜಾಗಕ್ಕೆ ಮೊದಲನೆಯದನ್ನು ಹಾಕಿದರೆ ಹೊತ್ತಿಕೊಳ್ಳುವುದೇ ಇಲ್ಲ. ಎಂಜಿನ್ ಒಳಗೆ ಯಾವ ಬಗೆಯ ವಿದ್ಯುತ್ ಹರಿಯುತ್ತಿದೆ, ದೀಪಕ್ಕೆ ಅದರಲ್ಲಿ ಎಷ್ಟು ಪಾಲು ಬರುತ್ತಿದೆ ಎಂಬುದು ಗೊತ್ತಾದರೆ ಉಳಿದದ್ದೆಲ್ಲ ಕೈಚಳಕ. ಹಾಗಾಗಿ ಈ ಅಂಕಣದ ಹೆಚ್ಚಿನ ಭಾಗವನ್ನು ಆ ಪ್ರಶ್ನೆಗೇ ಕೊಡುತ್ತಿದ್ದೇನೆ.

ಮೊದಲು ಅಳತೆಯ ಮಾತು ಮುಗಿಸಿಬಿಡೋಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾಡೆಲ್ ಅಳತೆ ಎಚ್‌ಒ. ನಿಜವಾದ ರೈಲನ್ನು 87 ಪಾಲು ಕುಗ್ಗಿಸಿದ ಮಾದರಿ ಅದು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಿಜವಾದ ಎಂಜಿನ್ನಿನ ಹೆಡ್‌ಲೈಟ್ 35 ಸೆಂಟಿಮೀಟರ್ ಅಗಲವಿದ್ದರೆ ಎಚ್‌ಒ ಎಂಜಿನ್ನಿನಲ್ಲಿ ಅದು ಸುಮಾರು 4 ಮಿಲಿಮೀಟರ್. ಇದಕ್ಕಿಂತ ಚಿಕ್ಕದಾದ ಎನ್ ಅಳತೆ 1:160ರದು. ಜರ್ಮನಿಯ ಮೆರ್ಕ್ಲಿನ್ ಕಂಪನಿ 1972ರಲ್ಲಿ ತಂದ ಜ಼ೆಡ್ ಅಳತೆ 1:220ರದು, ಅಲ್ಲಿ ಹೆಡ್‌ಲೈಟ್ ಎಂದರೆ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಹಳೆಯ ಎಚ್‌ಒ ಎಂಜಿನ್‌ಗಳಲ್ಲಿ ಇರುತ್ತಿದ್ದದ್ದು ಗೋಧಿ ಕಾಳಿನಷ್ಟಿರುವ, ಸುಮಾರು 3 ಮಿಲಿಮೀಟರ್ ದಪ್ಪದ ಗಾಜಿನ ಬಲ್ಬ್. ಹವ್ಯಾಸಿಗಳ ನಡುವೆ ಅದರ ಹೆಸರೇ ‘ಗ್ರೇನ್ ಆಫ್ ವೀಟ್’. ಅದಕ್ಕಿಂತ ತೆಳ್ಳಗಿನದಕ್ಕೆ ‘ಗ್ರೇನ್ ಆಫ್ ರೈಸ್’ ಎನ್ನುತ್ತಾರೆ.

ಈ ಬಲ್ಬುಗಳು ಯಾಕೆ ಬೇಗ ಹೋಗುತ್ತವೆ? ಒಳಗಿರುವ ಟಂಗ್‌ಸ್ಟನ್ ಎಳೆ ಕಾದಾಗ ಸ್ವಲ್ಪಸ್ವಲ್ಪವೇ ಆವಿಯಾಗುತ್ತ ಸವೆಯುತ್ತದೆ. ಕೂದಲಿಗಿಂತ ಸಪೂರವಾದ ಆ ಎಳೆ, ಹಳಿಯ ಪ್ರತಿ ಜಾಯಿಂಟಿನಲ್ಲೂ ಎಂಜಿನ್ ಕುಲುಕಿದಾಗ ನಡುಗುತ್ತದೆ. ಇವೆರಡಕ್ಕಿಂತ ದೊಡ್ಡ ಕಾರಣ ವೋಲ್ಟೇಜ್. ತಂತುವಿನ ಬಲ್ಬಿನ ಆಯುಷ್ಯ ವೋಲ್ಟೇಜಿಗೆ ವಿಪರೀತ ಸೂಕ್ಷ್ಮ. ನಿಗದಿಗಿಂತ ಶೇ 10ರಷ್ಟು ಕಡಿಮೆ ವೋಲ್ಟೇಜಿನಲ್ಲಿ ಉರಿಸಿದರೆ ಬಲ್ಬ್ ಮೂರೂವರೆ ಪಟ್ಟು ಹೆಚ್ಚು ಕಾಲ ಬಾಳುತ್ತದೆ, ಬೆಳಕು ಶೇ 30ರಷ್ಟು ಇಳಿಯುತ್ತದೆ. ನಿಗದಿಗಿಂತ ಹೆಚ್ಚು ಕೊಟ್ಟರೆ ಲೆಕ್ಕ ತಿರುಗುಮುರುಗು. 12 ವೋಲ್ಟಿನ ಹಳಿಯ ಮೇಲೆ ಓಡುವ ಎಂಜಿನ್ನಿಗೆ 14 ಅಥವಾ 16 ವೋಲ್ಟಿನ ಬಲ್ಬ್ ಹಾಕಿದರೆ ಅದು ತುಸು ಹಳದಿಯಾಗಿ, ಮೆತ್ತಗೆ, ಬಹುಕಾಲ ಉರಿಯುತ್ತದೆ. ಹಳೆಯ ಎಂಜಿನ್ನಿನಲ್ಲಿ ತಂತುವಿನ ಬಲ್ಬನ್ನೇ ಉಳಿಸಿಕೊಳ್ಳಬೇಕು ಎನ್ನುವವರಿಗೆ ನನ್ನ ಸಲಹೆ ಇದೇ. ಒಂದು ಮೆಟ್ಟಿಲು ಮೇಲಿನ ವೋಲ್ಟಿನ ಬಲ್ಬ್ ಕೊಳ್ಳಿ.

ಬಿಚ್ಚುವ ಮುನ್ನ ಬಲ್ಬ್ ನಿಜವಾಗಿ ಹೋಗಿದೆಯೇ ಎಂದು ನೋಡಿಕೊಳ್ಳಬೇಕು. ಎಷ್ಟೋ ಸಲ ಬಲ್ಬಿನ ತಪ್ಪು ಏನೂ ಇರುವುದಿಲ್ಲ. ಚಕ್ರಕ್ಕೆ ಕಪ್ಪು ಮಡ್ಡಿ ಕಟ್ಟಿರುತ್ತದೆ, ಹಿತ್ತಾಳೆಯ ಪಟ್ಟಿ ಕಿಲುಬು ಹಿಡಿದಿರುತ್ತದೆ, ಹಳೆಯ ಬೆಸುಗೆ ಬಿಟ್ಟುಕೊಂಡಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಚಕ್ರ ಮತ್ತು ಪಟ್ಟಿಗಳನ್ನು ಒರೆಸಿದಾಗಲೇ ದೀಪ ಬಂದುಬಿಟ್ಟರೆ ಕೆಲಸ ಮುಗಿಯಿತು. ಬಾರದಿದ್ದರೆ ಮಲ್ಟಿಮೀಟರಿನಲ್ಲಿ ಬಲ್ಬಿನ ಎರಡು ತಂತಿಗಳ ನಡುವೆ ಹಾದಿ ಇದೆಯೇ ನೋಡಿ. ಮೀಟರ್ ಇಲ್ಲದವರು ಕಡಿಮೆಯಿಂದ ಶುರುಮಾಡಿ. ಮೊದಲು 1.5 ವೋಲ್ಟಿನ ಪೆನ್ಸಿಲ್ ಸೆಲ್ ಮುಟ್ಟಿಸಿ. ಬಲ್ಬ್ ಚೆನ್ನಾಗಿ ಬೆಳಗಿದರೆ ಅದು 1.5 ವೋಲ್ಟಿನದು, ಅಲ್ಲಿಗೇ ನಿಲ್ಲಿಸಿ. ಏನೂ ಕಾಣದಿದ್ದರೆ ಮಾತ್ರ 9 ವೋಲ್ಟ್ ಬ್ಯಾಟರಿಗೆ ಹೋಗಿ. 12 ವೋಲ್ಟಿನ ಬಲ್ಬ್ ಅದರಲ್ಲಿ ಮಂದವಾಗಿ ಹೊತ್ತುತ್ತದೆ.

ಎಂಜಿನ್ನಿನ ಮೇಲ್ಕವಚ ತೆಗೆಯುವುದರಲ್ಲಿ ಪ್ರತಿ ಕಂಪನಿಯದೂ ಒಂದೊಂದು ರೀತಿ. ಅಮೆರಿಕದ ಡೀಸೆಲ್ ಎಂಜಿನ್ ಮಾದರಿಗಳಲ್ಲಿ ಬೋಗಿ ಜೋಡಿಸುವ ಕೊಕ್ಕೆಯ ಪೆಟ್ಟಿಗೆಗೆ ಹಾಕಿದ ಸ್ಕ್ರೂಗಳೇ ಹಲವು ಬಾರಿ ಕವಚವನ್ನೂ ಹಿಡಿದಿರುತ್ತವೆ. ಕೆಲವದರಲ್ಲಿ ಸ್ಕ್ರೂ ಇರುವುದೇ ಇಲ್ಲ, ಬದಿಗಳನ್ನು ಮೆಲ್ಲಗೆ ಅಗಲಿಸಿದರೆ ಕಳಚಿಕೊಳ್ಳುತ್ತದೆ. ಉಗಿ ಎಂಜಿನ್ ಮಾದರಿಗಳಲ್ಲಿ ಸ್ಕ್ರೂ ಹೊಟ್ಟೆಯ ಕೆಳಗೆ ಎಲ್ಲೋ ಅಡಗಿರುತ್ತದೆ. ದಪ್ಪ ಸ್ಪಂಜಿನ ಮೇಲೆ ಎಂಜಿನ್ನನ್ನು ಅಂಗಾತ ಮಲಗಿಸಿ, ತೆಗೆದ ಸ್ಕ್ರೂಗಳನ್ನು ಬಟ್ಟಲಿನಲ್ಲಿ ಹಾಕಿಡಿ, ಹಂತಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬಲವಂತ ಮಾತ್ರ ಬೇಡ. ಮೆಟ್ಟಿಲ ಕಂಬಿ, ಕೈಪಿಡಿ ಸರಳುಗಳಂಥ ಕೂದಲೆಳೆಯ ಭಾಗಗಳು ಮುರಿದರೆ ಮತ್ತೆ ಸಿಗುವುದಿಲ್ಲ.

ಇನ್ನು ಒಳಗಿನ ಮಾತು.

ಹಳೆಯ ಎಂಜಿನ್ನುಗಳಲ್ಲಿ ಹೆಚ್ಚಿನವು ಡಿಸಿ ವಿದ್ಯುತ್ತಿನವು. ಎರಡು ಹಳಿಗಳ ನಡುವೆ 0ಯಿಂದ 12 ವೋಲ್ಟಿನವರೆಗೆ ಏರಿಸುತ್ತ ಇಳಿಸುತ್ತ ವೇಗವನ್ನು ಹಿಡಿತದಲ್ಲಿಡುವುದು, ಧನ ಋಣ ಅದಲುಬದಲು ಮಾಡಿ ದಿಕ್ಕು ಬದಲಿಸುವುದು. ಬಲ್ಬನ್ನು ನೇರವಾಗಿ ಹಳಿಯ ವಿದ್ಯುತ್ತಿಗೇ ಜೋಡಿಸಿದ್ದರೆ, ಎಂಜಿನ್ ನಿಧಾನವಾದಾಗ ದೀಪ ಮಂಕಾಗುತ್ತದೆ, ನಿಂತಾಗ ಆರುತ್ತದೆ. ನಿಲ್ದಾಣದಲ್ಲಿ ನಿಂತ ರೈಲಿಗೆ ದೀಪವೇ ಇಲ್ಲ! ಈ ಜೋಡಣೆಯಲ್ಲಿ ಬಲ್ಬಿನ ಒಂದು ತಂತಿ ಲೋಹದ ಚಾಸಿಗೂ ಇನ್ನೊಂದು ಮೇಲಿನ ಪಟ್ಟಿಗೂ ಸೇರಿರುವುದು ಸಾಮಾನ್ಯ. ಚಾಸಿಯೇ ಇಲ್ಲಿ ವಿದ್ಯುತ್ತಿನ ಒಂದು ಹಾದಿ. ಇಂಥ ಎಂಜಿನ್ನಿಗೆ 12ರಿಂದ 16 ವೋಲ್ಟಿನ ಬಲ್ಬ್ ಸರಿಹೊಂದುತ್ತದೆ. ಧನ ಋಣದ ಚಿಂತೆಯಿಲ್ಲ, ಯಾವ ತಂತಿಯನ್ನು ಯಾವ ಕಡೆಗೆ ಬೇಕಾದರೂ ಹಾಕಬಹುದು.

ನಿಂತಾಗ ದೀಪ ಆರುವ ಈ ಕೊರತೆಯನ್ನು ನೀಗಿಸಲು ಹಿಂದಿನವರು ಒಂದು ಜಾಣ ಉಪಾಯ ಮಾಡಿದ್ದರು. ನಾನು ಹಳೆಯ ಎಂಜಿನ್ ಬಿಚ್ಚಿದಾಗಲೆಲ್ಲ ಮೊದಲು ಹುಡುಕುವುದು ಅದನ್ನೇ. ಸಿಲಿಕಾನ್ ಡಯೋಡಿನ ಮೂಲಕ ವಿದ್ಯುತ್ ಹರಿದಾಗ ಅದರ ಎರಡು ತುದಿಗಳ ನಡುವೆ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಹರಿವು ಹೆಚ್ಚಾಗಲಿ ಕಡಿಮೆಯಾಗಲಿ ಈ ಇಳಿತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಮೋಟಾರಿಗೆ ಹೋಗುವ ತಂತಿಯಲ್ಲಿ ಎರಡು ಡಯೋಡುಗಳನ್ನು ಒಂದರ ಹಿಂದೊಂದು ಕೂಡಿಸಿದರೆ ಅವುಗಳ ನಡುವೆ 1.4 ವೋಲ್ಟ್ ಸದಾ ಸಿಗುತ್ತದೆ. ಹಿಮ್ಮುಖ ಓಟಕ್ಕೆಂದು ಇನ್ನೊಂದು ಜೋಡಿಯನ್ನು ತಿರುಗಿಸಿ ಹಾಕುತ್ತಾರೆ. ಈ 1.4 ವೋಲ್ಟಿಗೆ 1.5 ವೋಲ್ಟಿನ, 15 ಮಿಲಿಆಂಪ್ ಎಳೆಯುವ ಪುಟ್ಟ ಬಲ್ಬನ್ನು ಸೇರಿಸಿದರೆ ಎಂಜಿನ್ ತೆವಳುತ್ತಿದ್ದಾಗಲೂ, ಇನ್ನೂ ಕದಲದೆ ಮೋಟಾರಿಗೆ ಸ್ವಲ್ಪವೇ ವಿದ್ಯುತ್ ಹರಿಯುತ್ತಿರುವಾಗಲೂ ದೀಪ ಒಂದೇ ಸಮನಾಗಿ ಬೆಳಗುತ್ತದೆ. ಚಿಪ್ಪುಗಳಿಲ್ಲದ ಕಾಲದಲ್ಲಿ, ನಾಲ್ಕೇ ನಾಲ್ಕು ಡಯೋಡುಗಳಿಂದ ಇಂಥ ಫಲ ಪಡೆದವರ ಬಗ್ಗೆ ನನಗೆ ತುಂಬು ಗೌರವವಿದೆ.

ಇಂಥ ಎಂಜಿನ್ನಿನ ದೀಪ ಹೋದಾಗಲೇ ಎಡವುವವರು ಹೆಚ್ಚು. 12 ವೋಲ್ಟಿನ ಬಲ್ಬ್ ತಂದು ಜೋಡಿಸುತ್ತಾರೆ, 1.4 ವೋಲ್ಟಿಗೆ ಅದರ ಎಳೆ ಕೆಂಪಾಗುವುದೂ ಇಲ್ಲ. ಹೊಸ ಬಲ್ಬೂ ಕೆಟ್ಟದ್ದು ಎಂದುಕೊಳ್ಳುತ್ತಾರೆ. ಎಲ್‌ಇಡಿ ಹಾಕುತ್ತಾರೆ, ಬಿಳಿಯ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಅದೂ ಹೊತ್ತುವುದಿಲ್ಲ. ಆಮೇಲೆ ಎಂಜಿನ್ನಿನ ವೈರಿಂಗೇ ಸತ್ತಿದೆ ಎಂದು ಮೂಲೆಗಿಡುತ್ತಾರೆ. ಮೋಟಾರಿನ ಬಳಿ ಡಯೋಡುಗಳು ಕಂಡರೆ, ಬಲ್ಬ್ ಮಿಲಿಮೀಟರ್ ಚಿಲ್ಲರೆ ದಪ್ಪದ್ದಾಗಿದ್ದು ಅದರ ತಂತಿಗಳು ಕೂದಲಿನಂತಿದ್ದರೆ, ಅದು 1.5 ವೋಲ್ಟಿನದು ಎಂದೇ ತಿಳಿದು ಮುಂದುವರಿಯಿರಿ. ಅಲ್ಲಿ ಎಲ್‌ಇಡಿಯೇ ಬೇಕೆಂದರೆ ಆ ಡಯೋಡುಗಳ ಹಂಗು ಬಿಟ್ಟು, ನೇರವಾಗಿ ಹಳಿಯ ವಿದ್ಯುತ್ತಿನಿಂದಲೇ ಹೊಸ ತಂತಿ ಎಳೆಯಬೇಕು.

ತೊಂಬತ್ತರ ದಶಕದಲ್ಲಿ ಇಡೀ ವ್ಯವಸ್ಥೆಯೇ ಬದಲಾಯಿತು. ಜರ್ಮನಿಯ ಲೆನ್ಜ಼್ ಕಂಪನಿ ರೂಪಿಸಿದ ಪದ್ಧತಿಯನ್ನು ಆಧರಿಸಿ, 1935ರಲ್ಲಿ ಹುಟ್ಟಿದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಡಿಸಿಸಿ ಎಂಬ ಡಿಜಿಟಲ್ ಪದ್ಧತಿಗೆ ಮಾನದಂಡ ಹಾಕಿಕೊಟ್ಟಿತು. ಇದರಲ್ಲಿ ಹಳಿಯ ಮೇಲೆ ಸದಾ ಪೂರ್ತಿ ವಿದ್ಯುತ್ ಇರುತ್ತದೆ, ಎಚ್‌ಒದಲ್ಲಿ ಸುಮಾರು 14 ವೋಲ್ಟ್. ಎಂಜಿನ್ ಒಳಗೆ ಕೂತ ಡಿಕೋಡರ್ ಆಜ್ಞೆಗಳನ್ನು ಓದಿ ಮೋಟಾರನ್ನೂ ದೀಪವನ್ನೂ ಬೇರೆಬೇರೆಯಾಗಿ ನಡೆಸುತ್ತದೆ. ಎಂಜಿನ್ ನಿಂತಿರಲಿ ಓಡುತ್ತಿರಲಿ, ಎಫ್‌0 ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ. ತಂತಿಗಳ ಬಣ್ಣಕ್ಕೂ ಇಲ್ಲಿ ಕಟ್ಟುನಿಟ್ಟು. ಕೆಂಪು ಮತ್ತು ಕಪ್ಪು ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ನೀಲಿ ಎಲ್ಲ ದೀಪಗಳಿಗೂ ಸಮಾನವಾದ ಧನ ತುದಿ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ. ಅಂದರೆ ಮುಂದಿನ ಹೆಡ್‌ಲೈಟ್ ಬದಲಿಸುವವರು ನೀಲಿ ಮತ್ತು ಬಿಳಿ ತಂತಿಗಳನ್ನು ಹುಡುಕಿಕೊಂಡರೆ ಸಾಕು.

ಡಿಕೋಡರ್ ಇರುವ ಎಂಜಿನ್ನಿಗೆ ತಂತುವಿನ ಬಲ್ಬ್ ಹಾಕುವವರು ಒಂದು ಸಂಗತಿ ನೆನಪಿಡಬೇಕು. 12 ವೋಲ್ಟಿನ, 50 ಮಿಲಿಆಂಪಿನ ಬಲ್ಬಿಗೆ ಉರಿಯುವಾಗ 240 ಓಮ್ ರೋಧವಿರುತ್ತದೆ. ತಣ್ಣಗಿದ್ದಾಗ ಅದು ಹತ್ತನೇ ಒಂದು ಭಾಗಕ್ಕೆ, ಸುಮಾರು 24 ಓಮಿಗೆ ಇಳಿದಿರುತ್ತದೆ. ಹಾಗಾಗಿ ಸ್ವಿಚ್ ಹಾಕಿದ ಕ್ಷಣದಲ್ಲಿ ಅರ್ಧ ಆಂಪಿನಷ್ಟು ವಿದ್ಯುತ್ ನುಗ್ಗಬಹುದು. ಡಿಕೋಡರಿನ ಸಣ್ಣ ಟ್ರಾನ್ಸಿಸ್ಟರಿಗೆ ಅದು ಭಾರ. ಬಲ್ಬಿನ ಒಂದು ತಂತಿಯಲ್ಲಿ 22 ಓಮಿನ ರೆಸಿಸ್ಟರ್ ಕೂಡಿಸಿದರೆ ಆ ನುಗ್ಗು ಅರ್ಧಕ್ಕೆ ಇಳಿಯುತ್ತದೆ, ಬೆಳಕಿನಲ್ಲಿ ಆಗುವ ವ್ಯತ್ಯಾಸ ಅಲ್ಪ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ಹಳೆಯ ಡಿಸಿ ಎಂಜಿನ್ನಿಗೆ ಡಿಕೋಡರ್ ಕೂರಿಸುವಾಗ ಬಲ್ಬಿನ ಒಂದು ತುದಿ ಚಾಸಿಗೆ ಅಂಟಿಕೊಂಡೇ ಉಳಿದುಬಿಡುತ್ತದೆ. ಡಿಸಿಸಿಯಲ್ಲಿ ದೀಪದ ಎರಡೂ ತಂತಿಗಳು ಚಾಸಿಯಿಂದ ಪೂರ್ತಿ ಬೇರೆಯಾಗಿರಬೇಕು. ಇಲ್ಲದಿದ್ದರೆ ಹತ್ತು ರೂಪಾಯಿಯ ದೀಪದ ಕೆಲಸದಲ್ಲಿ ಸಾವಿರಾರು ರೂಪಾಯಿಯ ಡಿಕೋಡರ್ ಸುಟ್ಟುಹೋದೀತು.

ಮೆರ್ಕ್ಲಿನ್ ಎಂಜಿನ್ ಇರುವವರ ಲೆಕ್ಕ ಬೇರೆ. ಆ ಕಂಪನಿ ಹುಟ್ಟಿದ್ದು 1859ರಲ್ಲಿ, ಗೊಪ್ಪಿಂಗೆನ್ ಎಂಬ ಊರಿನಲ್ಲಿ. ಅದರ ಎಚ್‌ಒ ರೈಲುಗಳು ಮೊದಲಿನಿಂದಲೂ ಮೂರನೆಯ ವಾಹಕದ ಮೂಲಕ ಎಸಿ ವಿದ್ಯುತ್ತಿನಲ್ಲಿ, 16 ವೋಲ್ಟಿನವರೆಗೆ ಓಡುತ್ತಿದ್ದವು. ದಿಕ್ಕು ಬದಲಿಸಲು ಟ್ರಾನ್ಸ್‌ಫಾರ್ಮರ್ ಒಂದು ಕ್ಷಣ ಸುಮಾರು 24 ವೋಲ್ಟ್ ಬಿಡುತ್ತದೆ. ಹಳೆಯ ಮೆರ್ಕ್ಲಿನ್ ಓಡಿಸಿದವರು ಆ ಗಳಿಗೆಯಲ್ಲಿ ದೀಪ ಭಗ್ಗನೆ ಬೆಳಗುವುದನ್ನು ಕಂಡಿರುತ್ತಾರೆ. ಆದ್ದರಿಂದ ಇಲ್ಲಿ 12 ವೋಲ್ಟಿನ ಬಲ್ಬ್ ಸಲ್ಲದು, 16 ಅಥವಾ 19 ವೋಲ್ಟಿನದೇ ಬೇಕು. ಎಲ್‌ಇಡಿ ಹಾಕುವವರು ಪುಟ್ಟ ಬ್ರಿಡ್ಜ್ ರೆಕ್ಟಿಫೈಯರ್ ಸೇರಿಸಿ, ಆ 24 ವೋಲ್ಟನ್ನೂ ತಡೆದುಕೊಳ್ಳುವಂತೆ ದೊಡ್ಡ ರೆಸಿಸ್ಟರ್ ಆರಿಸಬೇಕು. ಅಮೆರಿಕದ ಲಯನೆಲ್ ಎಂಜಿನ್‌ಗಳೂ ಎಸಿಯವೇ. ಓ ಅಳತೆಯ ದೊಡ್ಡ ಎಂಜಿನ್‌ಗಳಾದ್ದರಿಂದ ಅವುಗಳಲ್ಲಿ ಟಾರ್ಚಿನದರಂತೆ ತಿರುಪಿನ ಬುಡವಿರುವ ಬಲ್ಬೋ, ಕಾರಿನ ಡ್ಯಾಶ್‌ಬೋರ್ಡಿನದರಂತೆ ಒತ್ತಿ ತಿರುಗಿಸುವ ಬಲ್ಬೋ ಇರುತ್ತದೆ. 1447 ಎಂಬ ಸಂಖ್ಯೆಯ ತಿರುಪಿನ ಬಲ್ಬ್ 18 ವೋಲ್ಟಿನದು, 0.15 ಆಂಪಿನದು. ಕೈಯಲ್ಲೇ ತಿರುಗಿಸಿ ತೆಗೆದು ಹಾಕಬಹುದು. ಬೆಸುಗೆಯ ಕೆಲಸವೇ ಇಲ್ಲ. ದೀಪವನ್ನು ಮುಂದೆ ಯಾರಾದರೂ ಬದಲಿಸಬೇಕಾಗುತ್ತದೆ ಎಂದು ಮೊದಲೇ ಯೋಚಿಸಿ ಮಾಡಿದ ವಿನ್ಯಾಸ ಅದು. ಎಲ್ಲ ತಯಾರಕರೂ ಹೀಗೇ ಮಾಡಬೇಕಿತ್ತು.

ಈಗ ಎಲ್‌ಇಡಿ ಬಗ್ಗೆ. ಹೊಸದಾಗಿ ಹಾಕುವವರಿಗೆ ನಾನು ಎಲ್‌ಇಡಿಯನ್ನೇ ಹೇಳುವುದು. ಕಾರಣ ಆಯುಷ್ಯ ಮಾತ್ರವಲ್ಲ, ಬಿಸಿ. 12 ವೋಲ್ಟಿನ 50 ಮಿಲಿಆಂಪ್ ಬಲ್ಬ್ 0.6 ವ್ಯಾಟ್ ಉರಿಸುತ್ತದೆ, ಅದರಲ್ಲಿ ಬಹುಪಾಲು ಬಿಸಿಯೇ. ಎಂಜಿನ್ನಿನ ಕವಚಕ್ಕೆ ಬಳಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಗಾಳಿಯಾಡದ ಮೂತಿಯೊಳಗೆ, ಗೋಡೆಗೆ ತಾಗಿಕೊಂಡು ಗಂಟೆಗಟ್ಟಲೆ ಉರಿದ ಬಲ್ಬ್, ಹೆಡ್‌ಲೈಟಿನ ಸುತ್ತಲ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಸೊಟ್ಟಗೆ ಮಾಡಿದ ಎಂಜಿನ್‌ಗಳು ಎಷ್ಟೋ ಇವೆ. ಅದೇ ಜಾಗದಲ್ಲಿ ಎಲ್‌ಇಡಿ ಖರ್ಚು ಮಾಡುವುದು 0.03 ವ್ಯಾಟಿನಷ್ಟು.

ಆದರೆ ಎಲ್‌ಇಡಿಯನ್ನು ರೆಸಿಸ್ಟರ್ ಇಲ್ಲದೆ ಹಾಕುವಂತೆಯೇ ಇಲ್ಲ. ಲೆಕ್ಕ ಸುಲಭ. 12 ವೋಲ್ಟಿನಲ್ಲಿ ಎಲ್‌ಇಡಿ ಬಳಸುವ 3 ವೋಲ್ಟ್ ಕಳೆದರೆ ಉಳಿಯುವುದು 9. ಅದನ್ನು 1,000 ಓಮಿನಿಂದ ಭಾಗಿಸಿದರೆ 9 ಮಿಲಿಆಂಪ್. ಸಾಮಾನ್ಯ ಎಲ್‌ಇಡಿಯ ಮಿತಿ 20 ಮಿಲಿಆಂಪ್ ಆದ್ದರಿಂದ ಸುರಕ್ಷಿತ. ಡಿಸಿಸಿಯ 14 ವೋಲ್ಟಿನಲ್ಲೂ ಅದೇ ರೆಸಿಸ್ಟರಿಗೆ 11 ಮಿಲಿಆಂಪ್. ಕಾಲು ವ್ಯಾಟಿನ 1ಕೆ ರೆಸಿಸ್ಟರ್ ಒಂದಿದ್ದರೆ ಬಹುತೇಕ ಎಂಜಿನ್‌ಗಳಿಗೆ ಸಾಕು. ನನ್ನ ಕಣ್ಣಿಗೆ ಇದೂ ಹೆಚ್ಚೇ. ಈಗಿನ ಎಲ್‌ಇಡಿಗಳು ಅಷ್ಟು ಪ್ರಖರವಾಗಿವೆ. 2.2ಕೆ ಅಥವಾ 4.7ಕೆ ಹಾಕಿದರೆ ಬೆಳಕು ಹದವಾಗುತ್ತದೆ. ಮೊದಲು ಹೊರಗೆ ಜೋಡಿಸಿ, ಕೋಣೆ ಕತ್ತಲು ಮಾಡಿ ನೋಡಿ, ಆಮೇಲೆ ಬೆಸುಗೆ ಹಾಕಿ. ಎರಡು ದೀಪಗಳಿದ್ದರೆ ಎರಡಕ್ಕೂ ಒಂದೊಂದು ರೆಸಿಸ್ಟರ್ ಇರಲಿ.

ಎಲ್‌ಇಡಿಗೆ ದಿಕ್ಕಿದೆ. ಉದ್ದನೆಯ ಕಾಲು ಧನ. ಡಿಸಿ ಎಂಜಿನ್ನಿನಲ್ಲಿ ಇದರಿಂದ ಒಂದು ಲಾಭವೇ ಆಗುತ್ತದೆ. ಮುಂದಕ್ಕೆ ಓಡಿದಾಗ ಮುಂದಿನ ದೀಪ, ಹಿಂದಕ್ಕೆ ಓಡಿದಾಗ ಹಿಂದಿನ ದೀಪ ತಾನಾಗಿ ಹೊತ್ತುತ್ತದೆ. ಆದರೆ ಎಲ್‌ಇಡಿ ತಿರುಗುಮುರುಗು ದಿಕ್ಕಿನಲ್ಲಿ ತಡೆಯುವುದು ಸುಮಾರು 5 ವೋಲ್ಟ್ ಮಾತ್ರ. ಹಿಮ್ಮುಖ ಓಟದಲ್ಲಿ ಅದರ ಮೇಲೆ 12 ವೋಲ್ಟ್ ಬೀಳುತ್ತದೆ. ಆದ್ದರಿಂದ 1ಎನ್4148 ಎಂಬ ಪುಟ್ಟ ಡಯೋಡನ್ನು ಎಲ್‌ಇಡಿಗೆ ಅಡ್ಡಲಾಗಿ, ವಿರುದ್ಧ ದಿಕ್ಕಿನಲ್ಲಿ ಬೆಸೆದರೆ ಎಲ್‌ಇಡಿ ಉಳಿಯುತ್ತದೆ. ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುವ ಸಾಮಾನುಗಳು. ವಿದೇಶದಿಂದ ‘ಅಸಲಿ ಬಿಡಿಭಾಗ’ ತರಿಸಬೇಕೆಂದು ಯಾರಾದರೂ ಹೇಳಿದರೆ ಹೆದರಬೇಡಿ.

ಬಣ್ಣದ ಬಗ್ಗೆ ನನ್ನ ನಿಲುವು ಗಟ್ಟಿ. ಉಗಿ ಎಂಜಿನ್ನಿನ ಮೂತಿಯಲ್ಲಿ ನೀಲಿ ಬೆರೆತ ಬಿಳಿ ಬೆಳಕು ಕಂಡರೆ ಇಡೀ ಮಾದರಿಯೇ ಸುಳ್ಳಾಗುತ್ತದೆ. ಬಿಳಿ ಎಲ್‌ಇಡಿಯ ಒಳಗೆ ನಿಜವಾಗಿ ಇರುವುದು ನೀಲಿ ಚಿಪ್. ಅದರ ಮೇಲಿನ ಹಳದಿ ಲೇಪ ನೀಲಿಯ ಒಂದಂಶವನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಆ ನೀಲಿ ಚಿಪ್ಪಿಗಾಗಿಯೇ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಂದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಮೊದಲ ಬಿಳಿ ಎಲ್‌ಇಡಿಗಳಲ್ಲಿ ನೀಲಿಯ ಪಾಲು ಹೆಚ್ಚಿತ್ತು. ಹಳೆಯ ಹವ್ಯಾಸಿಗಳು ಎಲ್‌ಇಡಿ ಎಂದರೆ ಮುಖ ಸಿಂಡರಿಸುತ್ತಿದ್ದದ್ದು ಅದಕ್ಕೇ. ಈಗ 2,700ರಿಂದ 3,000 ಕೆಲ್ವಿನ್‌ನ ವಾರ್ಮ್ ವೈಟ್ ಎಲ್‌ಇಡಿ ಸುಲಭವಾಗಿ ಸಿಗುತ್ತದೆ, ತಂತುವಿನ ದೀಪದ ಬಣ್ಣಕ್ಕೆ ಅದು ಬಹಳ ಹತ್ತಿರ. ಕೈಯಲ್ಲಿರುವುದು ತಣ್ಣನೆಯ ಬಿಳಿಯದೇ ಆದರೆ ಅದರ ತಲೆಗೆ ಪಾರದರ್ಶಕ ಹಳದಿ ಅಥವಾ ಕಿತ್ತಳೆ ಬಣ್ಣದ ತೆಳು ಲೇಪ ಕೊಡಿ. ಸೀಮೆಎಣ್ಣೆ ದೀಪದ ಕಾಲದ ಎಂಜಿನ್ ಆಗಿದ್ದರೆ ಇನ್ನೂ ಒಂದು ಲೇಪ.

ಕಾಲದ ಮಾತು ಬಂದದ್ದರಿಂದ ಒಂದು ಮಾತು. ಅಮೆರಿಕದ ಎಂಜಿನ್‌ಗಳ ಮೂತಿಯ ಕೆಳಗೆ ಎರಡು ಬದಿಗೆ ಕಾಣುವ ಡಿಚ್ ಲೈಟುಗಳು ಅಲ್ಲಿನ ಕಾನೂನಿನಿಂದ ಕಡ್ಡಾಯವಾದದ್ದು 1997ರ ಕೊನೆಗೆ. ಎಪ್ಪತ್ತರ ದಶಕದ ಎಂಜಿನ್ ಮಾದರಿಗೆ ಎಲ್‌ಇಡಿ ಅಗ್ಗವಾಗಿದೆಯೆಂದು ಅವನ್ನೂ ಅಂಟಿಸುವುದು ಸರಿಯಲ್ಲ. ನಿಜವಾದ ಎಂಜಿನ್ನಿನ ಮುಂದೆ ನಿಂತು ದೀಪದ ಜಾಗ, ಅಳತೆ ನೋಡಿ ಬಂದರೆ ಇಂಥ ತಪ್ಪು ಆಗುವುದಿಲ್ಲ. ನಮ್ಮವರಿಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ. ಅಲ್ಲಿನ ಹಳೆಯ ಉಗಿ ಎಂಜಿನ್‌ಗಳನ್ನು ಹತ್ತಿರದಿಂದ ನೋಡಿ.

ಕೂರಿಸುವ ಕೆಲಸದಲ್ಲಿ ಅವಸರ ಬೇಡ. 25 ವ್ಯಾಟಿನ ಸೋಲ್ಡರಿಂಗ್ ಐರನ್, ಸಪೂರ ತುದಿ, ಸ್ವಲ್ಪ ಫ್ಲಕ್ಸ್ ಸಾಕು. ಎಲ್‌ಇಡಿಯ ಕಾಲನ್ನು ಚಿಮಟದಲ್ಲಿ ಹಿಡಿದುಕೊಂಡರೆ ಬಿಸಿ ಚಿಮಟಕ್ಕೆ ಹರಿದು ಎಲ್‌ಇಡಿ ಉಳಿಯುತ್ತದೆ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಮುಟ್ಟಿಸಬಾರದು. ಬೆಸೆದ ಜಾಗಕ್ಕೆಲ್ಲ ಶ್ರಿಂಕ್ ಟ್ಯೂಬ್ ಹಾಕಬೇಕು, ಏಕೆಂದರೆ ಕೆಳಗೆ ಇರುವುದು ವಿದ್ಯುತ್ ಹರಿಯುವ ಚಾಸಿ. 3 ಮಿಲಿಮೀಟರಿನ ಎಲ್‌ಇಡಿ ಮೂತಿಯೊಳಗೆ ಹೋಗದಿದ್ದರೆ ಅದರ ಪಕ್ಕಗಳನ್ನೂ ದುಂಡು ತಲೆಯನ್ನೂ ಅರದಿಂದ ಉಜ್ಜಿ ಸಣ್ಣದು ಮಾಡಬಹುದು, ಒಳಗಿನ ಚಿಪ್ ತಲುಪದಂತೆ ನೋಡಿಕೊಂಡರಾಯಿತು. ಎನ್ ಅಳತೆಗೆ 0603 ಎಂಬ, 1.6 ಮಿಲಿಮೀಟರ್ ಉದ್ದ 0.8 ಮಿಲಿಮೀಟರ್ ಅಗಲದ ಎಲ್‌ಇಡಿ ಬೇಕಾಗುತ್ತದೆ. ಅದಕ್ಕೆ ತಂತಿ ಬೆಸೆಯುವುದು ಕಷ್ಟದ ಕೆಲಸ, ತಂತಿ ಜೋಡಿಸಿಯೇ ಮಾರುವಂಥದ್ದನ್ನು ಕೊಂಡರೆ ಒಳ್ಳೆಯದು. ಅಂಟಿಸಲು ಫೆವಿಕ್ವಿಕ್ ಬಳಸಬೇಡಿ. ಅದರ ಆವಿ ಹೆಡ್‌ಲೈಟಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗೆ ಮಂಜಿನಂತೆ ಕೂತುಬಿಡುತ್ತದೆ. ಸಾಧಾರಣ ಬಿಳಿ ಫೆವಿಕಾಲ್ ಸಾಕು, ಮುಂದೆ ತೆಗೆಯಬೇಕಾದಾಗ ಬಿಟ್ಟುಕೊಡುತ್ತದೆ.

ಕವಚ ಮುಚ್ಚುವ ಮುನ್ನ ಕತ್ತಲಲ್ಲಿ ಒಮ್ಮೆ ಹೊತ್ತಿಸಿ ನೋಡಿ. ಹಳದಿಯೋ ಬಿಳಿಯೋ ಬಣ್ಣದ ತೆಳು ಪ್ಲಾಸ್ಟಿಕ್ಕಿನ ಮೂಲಕ ಎಂಜಿನ್ನಿನ ಹಣೆಯೆಲ್ಲ ಬೆಳಗುತ್ತಿದ್ದರೆ ಒಳಗಿನ ಗೋಡೆಗೆ ಕಪ್ಪು ಬಣ್ಣ ಬಳಿಯಬೇಕು. ಅಲ್ಯೂಮಿನಿಯಂ ಹಾಳೆಯನ್ನೂ ಕೆಲವರು ಅಂಟಿಸುತ್ತಾರೆ. ಅದು ವಿದ್ಯುತ್ ಹರಿಸುವ ವಸ್ತು, ಯಾವ ತಂತಿಯೂ ತಾಗಬಾರದು. ಬಣ್ಣವೇ ವಾಸಿ.

ಇತ್ತೀಚಿನ ಹಲವು ಎಂಜಿನ್‌ಗಳಲ್ಲಿ ಎಲ್‌ಇಡಿಯನ್ನು ಸರ್ಕ್ಯೂಟ್ ಬೋರ್ಡಿಗೇ ಬೆಸೆದು, ಬೆಳಕನ್ನು ಪ್ಲಾಸ್ಟಿಕ್ ಕೊಳವೆಯ ಮೂಲಕ ಹೆಡ್‌ಲೈಟಿಗೆ ತರುತ್ತಾರೆ. ಚೆನ್ನಾಗಿಯೇ ಬೆಳಗುತ್ತದೆ, ಒಪ್ಪುತ್ತೇನೆ. ಆದರೆ ಆ ಒಂದು ಎಲ್‌ಇಡಿ ಹೋದರೆ ಇಡೀ ಬೋರ್ಡ್ ಬದಲಿಸಿ ಎನ್ನುತ್ತಾರೆ, ನಾಲ್ಕು ವರ್ಷ ಕಳೆದರೆ ಆ ಬೋರ್ಡೂ ಸಿಗುವುದಿಲ್ಲ. ಬೋರ್ಡಿನಿಂದ ಬರುವ ಎರಡು ತುದಿಗಳನ್ನು ಹುಡುಕಿ ಹೊಸ ಎಲ್‌ಇಡಿ ಬೆಸೆಯುವುದು ಸಾಧ್ಯವಿದೆ. ಬೋರ್ಡಿನ ಮೇಲೆ ರೆಸಿಸ್ಟರ್ ಆಗಲೇ ಇರುವುದರಿಂದ ಬೇರೆಯದು ಬೇಡ. ಮಲ್ಟಿಮೀಟರಿನಲ್ಲಿ ಅಳೆದು ಖಚಿತ ಮಾಡಿಕೊಂಡರೆ ಸಾಕು.

ಕೊನೆಗೊಂದು ಕೋರಿಕೆ. ದೀಪ ಬದಲಿಸಿದ ಮೇಲೆ ಒಂದು ಚೀಟಿಯಲ್ಲಿ ನೀವು ಹಾಕಿದ್ದು ಬಲ್ಬೋ ಎಲ್‌ಇಡಿಯೋ, ಎಷ್ಟು ವೋಲ್ಟಿನದು, ಯಾವ ರೆಸಿಸ್ಟರ್, ಯಾವ ವರ್ಷ ಎಂದು ಬರೆದು ಎಂಜಿನ್ನಿನ ಡಬ್ಬಿಯಲ್ಲಿಡಿ. ಮುಂದಿನ ಸಲ ಅದನ್ನು ಬಿಚ್ಚುವವರು ನಿಮ್ಮ ಮಗಳೋ ಮೊಮ್ಮಗನೋ ಆಗಿರಬಹುದು. ಅವರು ಊಹಿಸುತ್ತ ಕೂರಬೇಕಾಗಿಲ್ಲ.